ತಿಳಿ ಬಾಟಲಿಯೊಳಗಿನ ಬ್ಯಾಕ್ಟೀರಿಯಾ

ತುಂಗಭದ್ರೆಯ ನೀರುಂಡ ಬಳ್ಳಾರಿ ಸೀಮೆಯಲ್ಲಿ ಸಿರುಗುಪ್ಪದ ಕಡೆ ಭತ್ತ, ಕಂಪ್ಲಿಯ ಕಡೆ ಬಾಳೆ. ಬಾಳೆಗೆ ಹಿಂದೆ ಕಂದೇ ಗತಿ. ಕಂದಿನ ಜೊತೆ ಮೂತಿಹುಳು, ಜಂತುಹುಳು, ನಂಜುರೋಗಗಳೂ ತೋಟದಿಂದ ತೋಟಕ್ಕೆ ಹೋಗುತ್ತಿದ್ದವು. ಈಗ ರೈತರು ಕೇಳುವುದು ಜಿ-9 ತಳಿಯ ಟಿಶ್ಯೂ ಕಲ್ಚರ್ ಸಸಿ. ಕಂದಿನ ತುದಿಯ ಚೂರಿನಿಂದ ಬಾಟಲಿಯಲ್ಲಿ ಬೆಳೆದದ್ದು, ಹಾಗಾಗಿ ಪರಿಶುದ್ಧ ಎಂಬ ನಂಬಿಕೆ.

ಗಿಡದ ಜೀವಕೋಶವನ್ನು ಬಿಡಿಯಾಗಿ ಬೆಳೆಸಬಹುದೆಂದು ಸಸ್ಯವಿಜ್ಞಾನಿ ಹಾಬರ್‌ಲ್ಯಾಂಟ್ ಹೇಳಿದ್ದು 1902ರಲ್ಲಿ. ಇಂದು ಎಲ್ಲ ಕಡೆ ಬಳಸುವ ಪೋಷಕ ಮಿಶ್ರಣವನ್ನು ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದು 1962ರಲ್ಲಿ. ಅದರ ಒಂದು ಲೀಟರಿಗೆ ಸಾಮಾನ್ಯವಾಗಿ 30 ಗ್ರಾಂ ಸಕ್ಕರೆ ಬೀಳುತ್ತದೆ. ತೊಂದರೆ ಶುರುವಾಗುವುದೇ ಇಲ್ಲಿ. ಚಿಗುರು ಒಡೆಯಲು ವಾರಗಳು ಬೇಕು. ಅದೇ ಸಕ್ಕರೆ ತಿಂದ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಬಾಟಲಿಯನ್ನು ಮಬ್ಬಾಗಿಸುತ್ತದೆ. ಅದಕ್ಕೇ ಮಿಶ್ರಣವನ್ನು ಆಟೊಕ್ಲೇವ್‌ನಲ್ಲಿ 121 ಡಿಗ್ರಿಗೆ ಬೇಯಿಸುವುದು, ಕಂದಿನ ತುದಿಯನ್ನು ಬ್ಲೀಚಿನಲ್ಲಿ ತೊಳೆಯುವುದು, ಸೋಸಿದ ಗಾಳಿಯೆದುರು ಕೂತು ಕತ್ತರಿಸುವುದು, ಚಿಮಟವನ್ನು ಸ್ಪಿರಿಟ್‌ಗೆ ಅದ್ದುವುದು. ಮಬ್ಬಾದ ಬಾಟಲಿ ಹೊರಕ್ಕೆ, ತಿಳಿಯಾದದ್ದು ಒಳಕ್ಕೆ.

ಈ ಲೆಕ್ಕವನ್ನು ಅಲುಗಾಡಿಸಿದ್ದು ಬೆಂಗಳೂರಿನ ಹೊರಗೆ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ. ಅಲ್ಲಿ ವಿಜ್ಞಾನಿಯಾಗಿದ್ದ ಪಯಸ್ ಥಾಮಸ್, ತಿಳಿಯಾಗಿಯೇ ಕಾಣುವ ಬಾಳೆ ಬಾಟಲಿಗಳಲ್ಲೂ ಬ್ಯಾಕ್ಟೀರಿಯಾ ಅಡಗಿರುವುದನ್ನು ವರ್ಷಗಟ್ಟಲೆ ಬೆನ್ನು ಹತ್ತಿ ತೋರಿಸಿದರು. ಅವು ಕಂದಿನ ಮೈಮೇಲಿನವಲ್ಲ, ಒಳಗಿನವು. ಬ್ಲೀಚು ಅಲ್ಲಿಗೆ ಮುಟ್ಟುವುದಿಲ್ಲ. ಎಷ್ಟೋ ಬ್ಯಾಕ್ಟೀರಿಯಾ ಸಾಮಾನ್ಯ ಪರೀಕ್ಷೆಯ ಅಗಾರ್ ಮಾಧ್ಯಮದ ಮೇಲೆ ಬೆಳೆಯುವುದೂ ಇಲ್ಲ. 2013ರಲ್ಲಿ ಅವರು ಮತ್ತು ಸಂಗಡಿಗರೊಬ್ಬರು ಬಾಳೆಯ ಚಿಗುರುತುದಿಗೆ ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಭಿತ್ತಿಗೂ ಅದರೊಳಗಿನ ಪೊರೆಗೂ ನಡುವೆ ಅವು ಹೇರಳವಾಗಿದ್ದವು. ಸ್ಪಿರಿಟ್ಟಿನ ಮೇಲಿನ ಭರವಸೆಯೂ ಉಳಿಯಲಿಲ್ಲ. ಬ್ಯಾಸಿಲಸ್ ಜಾತಿಯ ಬೀಜಕಗಳು ಅದರಲ್ಲಿ ದೀರ್ಘಕಾಲ ಬದುಕಿರುತ್ತವೆ. ಚಿಮಟ ಅದ್ದಿದ ಸ್ಪಿರಿಟ್ಟೇ ಅವನ್ನು ಬಾಟಲಿಯಿಂದ ಬಾಟಲಿಗೆ ದಾಟಿಸಬಲ್ಲದು.

ಹಾಗಾದರೆ ಆಂಟಿಬಯೋಟಿಕ್ ಸುರಿದರಾಯಿತೇ? ಸೆಫೊಟ್ಯಾಕ್ಸಿಮ್, ಜೆಂಟಾಮೈಸಿನ್ ಹಾಕಿ ನೋಡಿದವರಿದ್ದಾರೆ. ಬಹಳ ಸಲ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸುಮ್ಮನಿದ್ದು ಮದ್ದು ನಿಂತ ಮೇಲೆ ಮತ್ತೆ ಏಳುತ್ತದೆ. ಪ್ರಮಾಣ ಹೆಚ್ಚಾದರೆ ಚಿಗುರೇ ಸೊರಗುತ್ತದೆ. ಒಳಗಿರುವುದೆಲ್ಲ ಶತ್ರುವೂ ಅಲ್ಲ, ಕೆಲವು ಗಿಡಕ್ಕೆ ನೆರವಾಗುತ್ತವೆ. ನನಗೆ ಸರಿ ಕಾಣುವ ದಾರಿ ಒಂದೇ: ಒಳ್ಳೆಯ ತಾಯಿಗಿಡ ಆರಿಸಿ, ಅದರ ಬಾಟಲಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಕೆಟ್ಟ ಸಾಲನ್ನು ನಷ್ಟವೆನ್ನದೆ ಎಸೆಯುವುದು. ಇದು ದುಬಾರಿ, ಆದರೆ ಲ್ಯಾಬು ಇದನ್ನು ತಪ್ಪಿಸಿ ಉಳಿಸಿದ ಖರ್ಚು ಕೊನೆಗೆ ರೈತನ ತಲೆಗೇ ಬರುತ್ತದೆ.

ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಟಿಶ್ಯೂ ಕಲ್ಚರ್ ಸಸಿಗಳಿಗೆ ಪ್ರಮಾಣೀಕರಣ ನಡೆಸುತ್ತಿದೆ. ಸಸಿ ನಂಜುರೋಗದಿಂದ ಮುಕ್ತವೇ, ತಳಿ ನಿಜವೇ ಎಂದು ಅಲ್ಲಿ ನೋಡುತ್ತಾರೆ. ಮುಂದಿನ ಸಲ ಬಾಳೆ ಸಸಿಗೆ ಮುಂಗಡ ಕೊಡುವ ಮುನ್ನ ಆ ಪ್ರಮಾಣಪತ್ರ ಕೇಳಿ. ತಾಯಿಗಿಡ ಯಾವುದು, ಬ್ಯಾಕ್ಟೀರಿಯಾ ಪರೀಕ್ಷೆ ಎಷ್ಟು ಸಲ ಮಾಡುತ್ತೀರಿ ಎಂದೂ ಕೇಳಿ.