ಅವರೆ ಬಂದ್ರೆ ಅವರೆ, ಕೆರೆ ತುಂಬಿದ್ರೆ ಮೀನು!
ಬೈಪಾಸ್ ಆದರೂ ಆರದ ಕುಣಿಗಲ್ ಮಿಲಿಟರಿ ಹೋಟೆಲ್ ಒಲೆ

ಕುಣಿಗಲ್: ಮಧ್ಯಾಹ್ನ ಹನ್ನೆರಡೂವರೆ. ತುಮಕೂರು ಬಸ್ಸು ಇನ್ನೂ ಬಂದಿಲ್ಲ. ಕೋರ್ಟಿಗೆ ಬಂದ ಹಳ್ಳಿ ಗೌಡರು ಫೈಲು ಕಂಕುಳಲ್ಲಿಟ್ಟುಕೊಂಡು ಮಿಲಿಟರಿ ಹೋಟೆಲಿನ ಬಾಗಿಲಲ್ಲಿ ಇಣುಕುತ್ತಾರೆ.

‘ಏನೈತಪ್ಪಾ ಇವತ್ತು?’

‘ಬನ್ನಿ ಗೌಡ್ರೇ, ಅವರೆಕಾಳು ಕೈಮಾ ಐತೆ. ಮುದ್ದೆ ಒಂದಾ, ಎರಡಾ?’

ಇಷ್ಟೇ ಮೆನು. ಕಾರ್ಡಿಲ್ಲ, ಟೈ ಕಟ್ಟಿದ ಮಾಣಿಯಿಲ್ಲ. ಬೆಂಚಿನಲ್ಲಿ ಜಾಗ ಇದ್ದಲ್ಲಿ ಕೂರಬೇಕು. ಪಕ್ಕದವರು ಕಂಡಕ್ಟರೋ, ಬಟ್ಟೆ ಅಂಗಡಿ ಸಾಹುಕಾರರೋ, ಗೊಬ್ಬರದ ಮೂಟೆ ಹೊತ್ತು ಬಂದ ಹಮಾಲಿಯೋ, ಯಾರಾದರೂ ಸರಿ. ಮುದ್ದೆ ಮುರಿಯುವ ಹೊತ್ತಿಗೆ ಮಾತು ಶುರು: ಕೊಬ್ಬರಿ ರೇಟೆಷ್ಟು, ಹೇಮಾವತಿ ನೀರು ಕೆರೆಗೆ ಬಂತಾ, ಯಾರ ಮಗಳ ಮದುವೆ ಎಲ್ಲಿ.

ಇಂಗ್ಲೆಂಡಿನಲ್ಲಿ ಇಂಥ ಜಾಗಕ್ಕೆ ಪಬ್ ಅಂತಾರೆ. ಪಬ್ಲಿಕ್ ಹೌಸ್, ಅಂದರೆ ಊರ ಜನರ ಮನೆ ಎಂಬುದರ ಚುಟುಕು ರೂಪ ಅದು. ಅಲ್ಲೀಗ ಒಳ್ಳೆ ಪಬ್‌ಗಳು ‘ಆಯಾ ಕಾಲದ ಊಟವೇ ನಮ್ಮ ಹೆಗ್ಗಳಿಕೆ’ ಅಂತ ಬೋರ್ಡು ಬರೆಸುತ್ತವೆ. ಏಪ್ರಿಲ್ ಕೊನೆಗೆ ಶತಾವರಿ ಚಿಗುರು, ಆಗಸ್ಟ್ 12 ಕಳೆದರೆ ಗ್ರೌಸ್ ಎಂಬ ಕಾಡುಹಕ್ಕಿಯ ಮಾಂಸ. ಅದಕ್ಕೆ ದುಬಾರಿ ಬಿಲ್ಲು ಬೇರೆ. ಕುಣಿಗಲ್ಲಿನವರು ಬೋರ್ಡು ಬರೆಸಲಿಲ್ಲ, ಅಷ್ಟೇ ವ್ಯತ್ಯಾಸ!

ಪಂಚಾಂಗದಂತೆ ಸಾರು

ಮಿಲಿಟರಿ ಹೋಟೆಲ್ ಎಂಬ ಹೆಸರು ಬಂದದ್ದು ಹೇಗೆ? ದಂಡಿನವರಿಗೆ ಮಾಂಸದ ಊಟ ಹಾಕುತ್ತಿದ್ದುದರಿಂದ ಎಂಬ ಮಾತಿದೆ. ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಬೋರ್ಡುಗಳಿದ್ದ ಕಾಲದಲ್ಲಿ ‘ಇಲ್ಲಿ ಮಾಂಸ ಸಿಗುತ್ತೆ’ ಎಂದು ಹೇಳುವ ಮರ್ಯಾದೆಯ ದಾರಿಯೂ ಇದೇ ಆಗಿತ್ತು. ಟಿಪ್ಪು ಕಾಲದ ಕುದುರೆ ಫಾರಂ ಇರುವ, ಆಮೇಲೆ ಬ್ರಿಟಿಷರ ದಂಡಿಗೂ ಕುದುರೆ ಕಳಿಸಿದ ಊರಿಗೆ ಈ ಹೆಸರು ಒಪ್ಪುವಂಥದೇ.

ಇಲ್ಲಿನ ಒಲೆ ನಡೆಯುವುದು ಪಂಚಾಂಗದ ಲೆಕ್ಕದಲ್ಲಿ. ಮಾರ್ಗಶಿರದ ಮಂಜು ಬಿದ್ದರೆ ಅವರೆಕಾಯಿಗೆ ಸೊಗಡು. ಸಂಕ್ರಾಂತಿ ಕಳೆಯುವವರೆಗೂ ಕೈಮಾದಲ್ಲಿ ಅವರೆ, ಸಾರಿನಲ್ಲಿ ಹಿದುಕಿದ ಬೇಳೆ. ಚಳಿ ಜೋರಾದರೆ ಹುರುಳಿ ಕಟ್ಟು. ಕುದುರೆಗೆ ಹಾಕಿದ್ದೂ ಅದೇ, ಆಳಿಗೆ ಬಡಿಸಿದ್ದೂ ಅದೇ. ಯುಗಾದಿ ಮಾರನೆಯ ದಿನ ವರ್ಷದ ತೊಡಕು. ಅವತ್ತು ಮಟನ್ ಅಂಗಡಿ ಮುಂದೆ ಬೆಳಗಿನ ಜಾವಕ್ಕೇ ಕ್ಯೂ. ಮಳೆ ಬಿದ್ದು ಕೆರೆಗೆ ನೀರು ಬಂದರೆ ಮೀನು.

ಶ್ರಾವಣ ಬಂತೋ, ವ್ಯಾಪಾರ ಮುಗ್ಗರಿಸಿತು! ಶನಿವಾರ ಹಿಡಿದವರು, ಸೋಮವಾರ ಬಿಟ್ಟವರು, ತಿಂಗಳಿಡೀ ಮುಟ್ಟದವರು. ಆಗ ಒಲೆ ಮೇಲೆ ಸೊಪ್ಪಿನ ಬಸ್ಸಾರು. ಮಹಾಲಯ ಅಮಾವಾಸ್ಯೆಗೆ ಪಿತೃಗಳ ಜೊತೆಗೆ ಗಿರಾಕಿಗಳೂ ವಾಪಸ್.

ಹೆಂಡ ಹೋಯ್ತು, ಹರಟೆ ಉಳೀತು

ಹಿಂದೆ ಊರ ಹೊರಗಿನ ಈಚಲ ಹೆಂಡದಂಗಡಿಯೂ ಇಂಥದೇ ಹರಟೆ ಕಟ್ಟೆ. ಬೆಳಗ್ಗೆ ಇಳಿಸಿದ ಹೆಂಡ ಸಿಹಿ, ಸಂಜೆಗೆ ಹುಳಿ, ಜೊತೆಗೆ ಬೋಟಿ. ಈ ಶತಮಾನದ ಮೊದಲ ವರ್ಷಗಳಲ್ಲೇ ಈ ಭಾಗದಲ್ಲಿ ಹೆಂಡದ ಬಾಗಿಲು ಮುಚ್ಚಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಎಷ್ಟೋ ಮನೆಗಳ ಹೆಂಗಸರು ಉಸಿರು ಬಿಟ್ಟರು, ಸುಳ್ಳಲ್ಲ. ಈಗಿನ ಬಾರಿನಲ್ಲಿ ಕುಡಿದು ಏಳುವುದೇ ಹೆಚ್ಚು. ಹರಟೆಗೆ ಬೆಂಚು ಉಳಿದಿರುವುದು ಮುದ್ದೆ ಹೋಟೆಲಿನಲ್ಲೇ.

ರಸ್ತೆ ತಿರುಗಿತು, ಗಿರಾಕಿ?

ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಬೆಂಗಳೂರು-ಮಂಗಳೂರು ರಸ್ತೆ ಊರೊಳಗೇ ಹಾದು ಹೋಗುತ್ತಿದ್ದಾಗ ಹಾಸನದ ಲಾರಿ, ಧರ್ಮಸ್ಥಳದ ಬಸ್ಸು ಎಲ್ಲವೂ ಇಲ್ಲೇ ಉಸಿರು ತೆಗೆಯುತ್ತಿದ್ದವು. ಹೆದ್ದಾರಿ ನಾಲ್ಕು ಪಥವಾಯಿತು, ಬೈಪಾಸ್ ಬಂತು. ಕಾರಿನವರಿಗೆ ಕುಣಿಗಲ್ ಈಗ ಬರೀ ಒಂದು ಹಸಿರು ಬೋರ್ಡು. 2017ರಲ್ಲಿ ಬೆಂಗಳೂರು-ಹಾಸನ ರೈಲೂ ಕುಣಿಗಲ್ ಮೂಲಕ ಓಡಲು ಶುರುವಾಯಿತು. ಪ್ರಯಾಣಿಕರಿಗೆ ಅನುಕೂಲವೇ, ಬೇಡ ಅನ್ನೋರ್ಯಾರು? ಆದರೆ ಹತ್ತು ನಿಮಿಷ ಬಸ್ಸು ನಿಂತಾಗ ಓಡಿ ಬಂದು ಮುದ್ದೆ ನುಂಗಿ ಹೋಗುತ್ತಿದ್ದ ಗಿರಾಕಿ ಕಡಿಮೆಯಾದ.

ಹೆದ್ದಾರಿ ಬದಿಯ ದೊಡ್ಡ ಹೋಟೆಲಿಗೆ ಪಾರ್ಕಿಂಗ್ ಇದೆ. ಅಲ್ಲಿ ಜನವರಿಯಲ್ಲೂ ಗೋಬಿ ಮಂಚೂರಿ, ಜೂನ್‌ನಲ್ಲೂ ಗೋಬಿ ಮಂಚೂರಿ. ತಪ್ಪೇನಿಲ್ಲ, ಬೇಕಾದವರು ತಿನ್ನಲಿ. ಲೆಕ್ಕ ಹಾಕಬೇಕಾದ್ದು ಇನ್ನೊಂದಿದೆ.

ಸಂತೆಗೆ ಒಂದು ಬುಟ್ಟಿ ಅವರೆಕಾಯಿ, ಎರಡು ನಾಟಿ ಕೋಳಿ ತರುವ ಅಜ್ಜಿ ಯಾರಿಗೆ ಮಾರುತ್ತಾಳೆ? ಅಂಥ ಸಣ್ಣ ಮಾಲು ದೊಡ್ಡ ಹೋಟೆಲಿಗೆ ಸಾಲದು. ಅವರದು ಮೂಟೆ ಲೆಕ್ಕ. ಅವಳ ಬುಟ್ಟಿ ಚೌಕಾಸಿ ಮಾಡಿ ಕೊಳ್ಳೋದು ಈ ಸಣ್ಣ ಹೋಟೆಲಿನವರೇ. ಆ ದುಡ್ಡಲ್ಲಿ ಅಜ್ಜಿ ಪಕ್ಕದ ಅಂಗಡಿಯಲ್ಲಿ ಸಕ್ಕರೆ, ಸೋಪು, ಮೊಮ್ಮಗನಿಗೆ ಚಡ್ಡಿ ಕೊಂಡು ಬಸ್ಸು ಹತ್ತುತ್ತಾಳೆ. ಮುದ್ದೆ ಹೋಟೆಲಿನ ಒಲೆ ಆರಿದರೆ ತಣ್ಣಗಾಗುವುದು ಒಂದೇ ಗಲ್ಲಾ ಅಲ್ಲ, ಸಾಲಾಗಿ ನಾಲ್ಕು!

ಸದ್ಯಕ್ಕೆ ಒಲೆ ಉರಿಯುತ್ತಿದೆ. ಉರಿಸುತ್ತಿರುವವರು ದಾರಿಹೋಕರಲ್ಲ, ಊರಿನವರು: ಕೋರ್ಟಿಗೆ ಬಂದವರು, ಸಂತೆಗೆ ಬಂದವರು, ಡ್ಯೂಟಿ ಮುಗಿಸಿದ ಡ್ರೈವರು, ಅಂಗಡಿ ಹುಡುಗರು. ಹೋಟೆಲಿನವರೂ ಕೈ ತೊಳೆಯುವ ಜಾಗ ಚೊಕ್ಕವಾಗಿಟ್ಟು, ಹೆಣ್ಣುಮಕ್ಕಳು ಮುಜುಗರವಿಲ್ಲದೆ ಕೂತು ಉಣ್ಣುವಂತೆ ಮಾಡಿದರೆ ಗಿರಾಕಿ ಇಮ್ಮಡಿಯಾದಾರು. ‘ಗಂಡಸರ ಹೋಟೆಲು’ ಎಂಬ ಹಳೇ ಅಪವಾದವೂ ಹೋದೀತು.

ಅಷ್ಟರಲ್ಲಿ ತುಮಕೂರು ಬಸ್ಸಿನ ಹಾರನ್. ಗೌಡರು ಫೈಲು ಹುಡುಕುತ್ತಾರೆ.

‘ಇನ್ನೊಂದು ಸೌಟು ಸಾರು ಹಾಕ್ಲಾ?’

‘ಹಾಕಪ್ಪ. ಬಸ್ಸು ಇನ್ನೊಂದು ಬತ್ತದೆ. ಅವರೆ ಬರೋದು ಇನ್ನು ಮುಂದಿನ ವರ್ಷಕ್ಕೇ!’