ಯೂರಾಲಜಿ ಡಾಕ್ಟರ್ ಮುಂದೆ ಬಾಯಿ ಯಾಕೆ ಕಟ್ಟುತ್ತೆ?

ಇವತ್ತಿನ ಸಂಚಿಕೆ ಸ್ವಲ್ಪ ಮುಜುಗರದ ವಿಷಯದ್ದು. ಮನೆಯಲ್ಲಿ ಸ್ಪೀಕರ್ ಹಾಕಿ ಕೇಳ್ತಿದ್ರೆ ಆಫ್ ಮಾಡಬೇಡಿ, ಎಲ್ಲರೂ ಕೇಳಲಿ. ನಾನು ಬಿಕಾಂ ಓದಿದವನು, ವೈದ್ಯನಲ್ಲ. ಹಾಗಾಗಿ ಔಷಧಿ ಬಗ್ಗೆ ಮಾತಾಡಲ್ಲ. ನನ್ನ ಪ್ರಶ್ನೆ ಇಷ್ಟೇ: ಮೂತ್ರದ ತೊಂದರೆ ಹೇಳಿಕೊಳ್ಳೋಕೆ ಹೋದಾಗ ಎದುರಿಗಿರುವ ಡಾಕ್ಟರ್ ಗಂಡಸೋ ಹೆಂಗಸೋ, ಅವರಿಗೆ ನಮ್ಮ ಭಾಷೆ ಬರುತ್ತೋ ಇಲ್ಲವೋ ಅನ್ನೋದರಿಂದ ಏನು ವ್ಯತ್ಯಾಸ ಆಗುತ್ತೆ?

ಶಿವಾಜಿನಗರದವರಿಗೆ ಘೋಷಾ ಆಸ್ಪತ್ರೆ ಗೊತ್ತೇ ಇರುತ್ತೆ. ಘೋಷಾ ಅಂದ್ರೆ ಪರದೆ. ಪರದೆ ಪಾಲಿಸುವ ಹೆಂಗಸರು ಗಂಡು ವೈದ್ಯರ ಹತ್ತಿರ ಹೋಗಲ್ಲ ಅಂತ 1920ರ ದಶಕದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಅವರ ದಾನದಿಂದ ಆಗಿದ್ದು ಅದು. ಅಂದ್ರೆ ನೂರು ವರ್ಷದ ಹಿಂದೆಯೇ ದಂಡು ಪ್ರದೇಶದಲ್ಲಿ ಈ ಸಂಕೋಚವನ್ನು ನಿಜವಾದ ಸಮಸ್ಯೆ ಅಂತ ಒಪ್ಪಿಕೊಂಡಿದ್ದರು. ಆದರೆ ಆ ಏರ್ಪಾಡು ಮುಖ್ಯವಾಗಿ ಹೆರಿಗೆಗೆ. ಹೆರಿಗೆ ಆದಮೇಲೆ ಕೆಮ್ಮಿದಾಗ, ನಕ್ಕಾಗ ಮೂತ್ರ ಹನಿಯುತ್ತೆ ಅಂತಾದರೆ ಆ ಹೆಂಗಸು ಸ್ತ್ರೀರೋಗ ತಜ್ಞರ ಹತ್ತಿರ ಹೋಗ್ತಾಳೆ, ಇಲ್ಲಾಂದ್ರೆ ವಯಸ್ಸಾಯ್ತು ಅಂತ ಸುಮ್ಮನಾಗ್ತಾಳೆ. ಯೂರಾಲಜಿಗೆ ಹೋದರೂ ಅಲ್ಲಿ ಲೇಡಿ ಡಾಕ್ಟರ್ ಸಿಗೋದು ಅಪರೂಪ. ಅಮೆರಿಕದಲ್ಲೇ ಯೂರಾಲಜಿಸ್ಟ್‌ಗಳಲ್ಲಿ ಹೆಂಗಸರು ಹತ್ತಕ್ಕೆ ಹೆಚ್ಚುಕಮ್ಮಿ ಒಬ್ಬರು. ನಮ್ಮಲ್ಲಿ ಅದಕ್ಕಿಂತಲೂ ಕಮ್ಮಿ.

ಹಾಗಂತ ಗಂಡಸರು ಆರಾಮಾಗಿ ಮಾತಾಡ್ತಾರೆ ಅಂದುಕೊಳ್ಳಬೇಡಿ. ನಿಮಿರುವಿಕೆಯ ತೊಂದರೆಯನ್ನು ಲೇಡಿ ಡಾಕ್ಟರ್ ಮುಂದೆ ಹೇಳಲಾರದವರು ಇದ್ದಾರೆ. ಇನ್ನೊಬ್ಬ ಗಂಡಸಿನ ಮುಂದೆ ಹೇಳೋದೇ ಅವಮಾನ ಅನ್ನುವವರೂ ಇದ್ದಾರೆ. ಬರೀ ಮಾತುಕತೆ ಆದರೆ ಎಷ್ಟೋ ಜನಕ್ಕೆ ಡಾಕ್ಟರ್ ಯಾರಾದರೂ ಸರಿ. ಬಟ್ಟೆ ಸರಿಸಿ ಪರೀಕ್ಷೆ ಮಾಡುವಾಗಲೇ ಗಂಡೋ ಹೆಣ್ಣೋ ಅನ್ನೋದು ದೊಡ್ಡ ಪ್ರಶ್ನೆ ಆಗೋದು.

ಭಾಷೆಯ ತೊಡಕು ಅದಕ್ಕೂ ಮೊದಲೇ ಶುರುವಾಗುತ್ತೆ. ನಮ್ಮ ಕಡೆ ನೋಡಿ: ಶಿವಾಜಿನಗರದಲ್ಲಿ ದಖನಿ ಉರ್ದು, ಹಲಸೂರಲ್ಲಿ ತಮಿಳು, ಕೆ.ಆರ್. ಪುರದಲ್ಲಿ ಕನ್ನಡದ ಜೊತೆ ತೆಲುಗು, ಇಂದಿರಾನಗರದಲ್ಲಿ ಇಂಗ್ಲಿಷು, ಹಿಂದಿ. ಕನ್ನಡದಲ್ಲಿ ‘ಒಂದಕ್ಕೆ’ ಅಂತೀವಿ, ತಮಿಳಲ್ಲಿ ‘ಒಣ್ಣುಕ್ಕು’, ತೆಲುಗಲ್ಲಿ ‘ಒಕಟಿಕಿ’. ಮೂರು ಭಾಷೆಯಲ್ಲೂ ಅದೇ ನಾಚಿಕೆ, ಅದೇ ನಂಬರ್! ‘ಉಚ್ಚೆ’ ಅಂದ್ರೆ ಒರಟು ಅನಿಸುತ್ತೆ, ‘ಮೂತ್ರ’ ಪುಸ್ತಕದ ಮಾತು, ಅದಕ್ಕೇ ‘ಯೂರಿನ್’ ಅಂತೀವಿ.

ಈಗ ಒಬ್ಬರು ಕನ್ನಡದಲ್ಲಿ ‘ಉಷ್ಣ ಆಗಿದೆ’ ಅಂತಾರೆ ಅಂದ್ಕೊಳ್ಳಿ. ಅವರ ಅರ್ಥ ಉರಿಮೂತ್ರ. ಕನ್ನಡ ಬರದ ಡಾಕ್ಟರ್‌ಗೆ ಯಾರೋ ಅದನ್ನ ‘ಗರ್ಮಿ’ ಅಂತ ಅನುವಾದಿಸಿದರೆ? ಹಳೇ ಹಿಂದಿ-ಉರ್ದು ಬಳಕೆಯಲ್ಲಿ ಗರ್ಮಿ ಅಂದ್ರೆ ಲೈಂಗಿಕ ರೋಗ ಅಂತಲೂ ಅರ್ಥ ಇದೆ. ಒಂದು ಪದ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡಿ.

ಯೂರಾಲಜಿಯಲ್ಲಿ ಇದು ಬರೀ ಮುಜುಗರದ ಪ್ರಶ್ನೆ ಅಲ್ಲ, ರೋಗ ಪತ್ತೆಯ ಪ್ರಶ್ನೆ. ಪ್ರಾಸ್ಟೇಟ್ ತೊಂದರೆ ಅಳೆಯೋಕೆ ಐಪಿಎಸ್ಎಸ್ ಅನ್ನೋ ಪ್ರಶ್ನಾವಳಿ ಇದೆ. ಲಕ್ಷಣಗಳ ಬಗ್ಗೆ ಏಳು ಪ್ರಶ್ನೆ, ಒಂದೊಂದಕ್ಕೆ 0ಯಿಂದ 5 ಅಂಕ, ಒಟ್ಟು 35. ಎಂಟು ಅಥವಾ ಹೆಚ್ಚಾದರೆ ಮಧ್ಯಮ, ಇಪ್ಪತ್ತು ಅಥವಾ ಹೆಚ್ಚಾದರೆ ತೀವ್ರ. ‘ಪದೇ ಪದೇ ಬರುತ್ತೆ’ ಅನ್ನೋದು ಬೇರೆ ಪ್ರಶ್ನೆ, ‘ತಡ್ಕೊಳ್ಳೋಕಾಗಲ್ಲ’ ಅನ್ನೋದು ಬೇರೆ. ಎರಡನ್ನೂ ಒಂದೇ ಅಂತ ಅನುವಾದಿಸಿದರೆ ಅಂಕ ತಪ್ಪುತ್ತೆ. ಲೆಕ್ಕದ ಪುಸ್ತಕದಲ್ಲಿ ಮೊದಲ ಎಂಟ್ರಿಯೇ ತಪ್ಪಿದರೆ ಬ್ಯಾಲೆನ್ಸ್ ಶೀಟ್ ಎಲ್ಲಿಂದ ಸರಿ ಬರಬೇಕು?

ಇಂಥ ಕಡೆ ಅನುವಾದ ಮಾಡೋದು ಸಾಮಾನ್ಯವಾಗಿ ಮನೆಯವರೇ. ಅಮ್ಮನ ಪರವಾಗಿ ಮಗ, ಹೆಂಡತಿ ಪರವಾಗಿ ಗಂಡ. ಮಗನ ಮುಂದೆ ಅಮ್ಮ ಯಾವುದನ್ನ ಹೇಳ್ತಾಳೆ? ಅರ್ಧ ಅಲ್ಲೇ ನುಂಗಿಕೊಳ್ತಾಳೆ. ಲೇಡಿ ಡಾಕ್ಟರ್ ಸಿಕ್ಕರೂ, ಮಧ್ಯದಲ್ಲಿ ಮಗ ನಿಂತಿದ್ದರೆ ಪ್ರಯೋಜನ ಅಷ್ಟಕ್ಕಷ್ಟೇ. ನನ್ನ ಪ್ರಕಾರ ಈ ಸಂಚಿಕೆಯ ಮುಖ್ಯ ಮಾತು ಇದೇ: ಡಾಕ್ಟರ್ ಯಾರು ಅನ್ನೋದರಷ್ಟೇ, ಕೋಣೆಯಲ್ಲಿ ಮತ್ಯಾರಿದ್ದಾರೆ ಅನ್ನೋದೂ ಮುಖ್ಯ.

ಹಾಗಾದರೆ ಏನು ಮಾಡಬಹುದು? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದಿನ ಪ್ರಕಾರ, ಗಂಡು ವೈದ್ಯರು ದೇಹ ಪರೀಕ್ಷೆ ಮಾಡುವಾಗ ಇನ್ನೊಬ್ಬ ಮಹಿಳೆ ಜೊತೆಗಿರಬೇಕು ಅಂತ ಕೇಳೋದು ಮಹಿಳಾ ರೋಗಿಯ ಹಕ್ಕು. ಧೈರ್ಯವಾಗಿ ಕೇಳಿ. ಚೀಟಿ ಮಾಡಿಸುವಾಗಲೇ ‘ಕನ್ನಡ ಬರುವ ನರ್ಸ್ ಇದ್ದಾರಾ?’ ಅಂತ ವಿಚಾರಿಸಿ. ಎಷ್ಟು ಸಲ, ರಾತ್ರಿ ಎಷ್ಟು ಸಲ, ಉರಿನಾ, ತಡೆಯೋಕಾಗಲ್ವಾ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಿ. ಬಾಯಲ್ಲಿ ಬರದ್ದು ಪೆನ್ನಲ್ಲಿ ಬರುತ್ತೆ. ಜೊತೆಗೆ ಹೋದವರು ಐದು ನಿಮಿಷ ಆಚೆ ನಿಲ್ಲಿ.

ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ. ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ, ಅದು ಮೂತ್ರಕೋಶದ ಕ್ಯಾನ್ಸರ್‌ನ ಮೊದಲ ಸೂಚನೆ ಆಗಿರಬಹುದು. ಲೇಡಿ ಡಾಕ್ಟರ್ ಸಿಗಲಿ, ನಮ್ಮ ಭಾಷೆಯವರು ಸಿಗಲಿ ಅಂತ ತಿಂಗಳುಗಟ್ಟಲೆ ತಳ್ಳಬೇಡಿ. ಯಾರಿದ್ದಾರೋ ಅವರಿಗೇ ತೋರಿಸಿ.

ಈ ಸಂಚಿಕೆಯನ್ನ ನಿಮ್ಮ ಅಪ್ಪ-ಅಮ್ಮನಿಗೂ ಕಳಿಸಿ. ಮುಂದಿನ ವಾರ ಸಿಗೋಣ.