ಗೆದ್ದವನು ಯಾರು? ಸೈಕಲ್ ಶರ್ಯತ್ತಿನ ಲೆಕ್ಕ, ಶರ್ಯತ್ತಿನ ಜಗಳ



ವಿಜಯಪುರದ ಕಡೆ ಸೈಕಲ್ ಶರ್ಯತ್ತು ನೋಡಿದ್ದೀರಾದರೆ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದೇ ಇರುತ್ತದೆ. ಸ್ಪರ್ಧೆ ಮುಗಿಯಲು ಒಂದು ಗಂಟೆ ಸಾಕು. ಅದರ ಮಾತು ಮಾತ್ರ ಮುಂದಿನ ಜಾತ್ರೆಯವರೆಗೂ ನಡೆಯುತ್ತದೆ. ತಿಕೋಟಾದ ಚಹಾದಂಗಡಿಯಲ್ಲಿ ಕುಳಿತ ಹಿರಿಯರೊಬ್ಬರು, "ನಮ್ಮ ಹುಡಗ ಅರ್ಧಾ ದಾರಿ ಒಬ್ಬನ ಎಳಕೊಂಡ ಬಂದಾನ್ರಿ. ಅಂವಾ ಬೆನ್ನಿಗಿ ಅಂಟಕೊಂಡ ಬಂದು ಕಡೀಕ ಜಿಗದಾನ. ಅದೇನ ಗೆಲುವೇನ್ರಿ?" ಎನ್ನುತ್ತಾರೆ. ಬಬಲೇಶ್ವರದಿಂದ ಬಂದ ತರುಣ ಬಿಡುವುದಿಲ್ಲ: "ಮೊದಲ ಗೆರಿ ದಾಟಿದಂವಾ ಯಾರು, ಅಷ್ಟ ಹೇಳ್ರಿ ಕಾಕಾ."

ಇಬ್ಬರ ಮಾತಿನಲ್ಲೂ ಹುರುಳಿದೆ. ನೋಡಿದ್ದು ಒಂದೇ ಶರ್ಯತ್ತಾದರೂ ಇಬ್ಬರೂ ಅಳೆಯುತ್ತಿರುವ ಅಳತೆಗೋಲು ಬೇರೆ ಬೇರೆ. ಆ ಅಳತೆಗೋಲುಗಳ ವಿಚಾರವನ್ನು ಪರದೆಯ ಮೇಲಿನ ಅರ್ಧ ಗಂಟೆಯ ಮಾತುಕತೆಯಲ್ಲಿ ಪೂರ್ತಿ ಬಿಡಿಸಿ ಹೇಳಲಾಗದು. ಕೈಯಲ್ಲಿ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ ನೋಡಬೇಕಾದ ಸಂಗತಿಯಿದು. ಆದ್ದರಿಂದ ಈ ಪುಟಗಳು.

ವಿಜಯಪುರವೆಂದರೆ ಹೊರಗಿನವರಿಗೆ ಗೋಲಗುಂಬಜ್. ಕ್ರೀಡೆಯ ನಂಟು ಇರುವವರಿಗೆ ಅದು ಸೈಕಲ್ಲಿನ ಊರು. 2014ರ ನವೆಂಬರ್ 1ರಂದು ಬಿಜಾಪುರ ಎಂಬ ಹೆಸರು ವಿಜಯಪುರ ಎಂದಾಯಿತು. ಸೈಕಲ್ಲಿನ ಹೆಸರು ಅದಕ್ಕಿಂತ ಬಹಳ ಹಿಂದಿನದು. ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯದಲ್ಲಿ ಸೈಕ್ಲಿಂಗ್ ಕಲಿತ ಹಳ್ಳಿಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತಂದರು. ಹಲವರಿಗೆ ಕ್ರೀಡಾ ಮೀಸಲಿನಲ್ಲಿ ರೈಲ್ವೆ, ಸೇನೆಯಂಥ ಕಡೆ ನೌಕರಿ ಸಿಕ್ಕಿತು. ಒಣಬೇಸಾಯದ ಮನೆಯಿಂದ ಬಂದ ಮಗುವಿಗೆ ಮೂರನೆಯ ಸ್ಥಾನಕ್ಕೂ ನಾಲ್ಕನೆಯ ಸ್ಥಾನಕ್ಕೂ ಇರುವ ಅಂತರ ಬರೀ ಪದಕದ ಅಂತರವಲ್ಲ. ಕೆಲವೊಮ್ಮೆ ಅದು ಇಡೀ ಸಂಸಾರದ ಅಂತರ. ಹೀಗಿರುವಾಗ ಸ್ಥಾನವನ್ನು ಯಾವ ಲೆಕ್ಕದಿಂದ ಕೊಡುತ್ತಾರೆ ಎಂದು ಮನೆಯವರು ಕೇಳುವುದು ಹೆಚ್ಚಿನ ಮಾತೇನಲ್ಲ.

ಮೊದಲು ಚಹಾದಂಗಡಿಯ ಜಗಳವನ್ನೇ ತೆಗೆದುಕೊಳ್ಳೋಣ. ಬೆನ್ನಿಗೆ ಅಂಟಿಕೊಂಡು ಬರುವುದು ಎಂದರೇನು?

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸೈಕಲ್ ಸವಾರನ ಮುಖ್ಯ ವೈರಿ ಗಾಳಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಸೀಳಿ ಹೋಗಲು ಬೇಕಾದ ಶಕ್ತಿ ಎಂಟು ಪಟ್ಟು. ಮುಂದಿನವನು ಗಾಳಿಯನ್ನು ಸೀಳುತ್ತಾನೆ, ಅವನ ಹಿಂದೆ ಒಂದು ಗಾಲಿಯಷ್ಟು ಅಂತರದಲ್ಲಿ ಬರುವವನು ಆ ಮರೆಯಲ್ಲಿ ಸಾಗುತ್ತಾನೆ. ಹೀಗೆ ಸಾಗುವವನಿಗೆ ಸುಮಾರು ಮೂರನೆಯ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ವಿಜಯಪುರದಿಂದ ತಿಕೋಟಾದತ್ತ ಪಶ್ಚಿಮಕ್ಕೆ ಹೋಗುವ ರಸ್ತೆಯನ್ನು ಆಷಾಢದಲ್ಲಿ ನೆನೆಸಿಕೊಳ್ಳಿ. ಮರ ಕಡಿಮೆ, ಬಯಲು ಹೆಚ್ಚು, ಎದುರಿನಿಂದ ಮುಂಗಾರು ಗಾಳಿ. ಆ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರು ಮುಂದೆ ನಿಂತು ಎಳೆದವನ ಕಾಲು, ಹಿಂದೆ ಮರೆಯಲ್ಲಿ ಬಂದವನ ಕಾಲು ಕೊನೆಯ ಇನ್ನೂರು ಮೀಟರಿಗೆ ಒಂದೇ ಸಮ ಇರಲು ಸಾಧ್ಯವಿಲ್ಲ. ಕಾಕಾ ಹೇಳಿದ್ದು ಇದನ್ನೇ.

ಹಾಗೆಂದು ತರುಣನ ಮಾತನ್ನು ತಳ್ಳಿಹಾಕುವಂತಿಲ್ಲ. ಎಲ್ಲರೂ ಒಟ್ಟಿಗೆ ಹೊರಡುವ ಸ್ಪರ್ಧೆಯಲ್ಲಿ, ಅಂದರೆ ಮಾಸ್ ಸ್ಟಾರ್ಟಿನಲ್ಲಿ, ಮರೆಯಲ್ಲಿ ಸಾಗುವುದು ನಿಯಮಕ್ಕೆ ವಿರುದ್ಧವಲ್ಲ. ಯಾರ ಬೆನ್ನು ಹಿಡಿಯಬೇಕು, ಯಾವಾಗ ಬಿಟ್ಟು ಜಿಗಿಯಬೇಕು ಎಂಬ ಜಾಣತನವೂ ಆ ಆಟದ ಭಾಗವೇ. ಒಂದೇ ಊರಿನ ನಾಲ್ವರು ಸರದಿಯಂತೆ ಮುಂದೆ ಬಂದು ಎಳೆಯುತ್ತಾ ಕೊನೆಗೆ ತಮ್ಮಲ್ಲೊಬ್ಬನನ್ನು ಗೆಲ್ಲಿಸುವುದನ್ನೂ ನೀವು ನೋಡಿರಬಹುದು. ಬರೀ ಕಾಲಿನ ಬಲ ನೋಡಬೇಕೆಂದರೆ ಅದಕ್ಕೆ ಬೇರೆಯೇ ಸ್ಪರ್ಧೆ ಇದೆ: ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ, ಸಾಮಾನ್ಯವಾಗಿ ಒಂದು ನಿಮಿಷ ಬಿಟ್ಟು ಒಂದು ನಿಮಿಷಕ್ಕೆ ಕಳಿಸುತ್ತಾರೆ. ಮರೆ ಹಿಡಿಯುವಂತಿಲ್ಲ. ಗಡಿಯಾರ ಹೇಳಿದ್ದೇ ತೀರ್ಪು. ಮಾಸ್ ಸ್ಟಾರ್ಟಿನಲ್ಲಿ ಮಿಂಚುವವನು ಇಲ್ಲಿ ಹತ್ತನೆಯವನಾಗಬಹುದು. ಅಲ್ಲಿ ಕೊನೆಗೆ ಜಿಗಿಯಲಾರದವನು ಇಲ್ಲಿ ಮೊದಲಿಗನಾಗಬಹುದು.

ಗಡಿಯಾರವೋ ಗೆರೆಯೋ ಎಂಬ ಈ ಜಗಳ ನಮ್ಮದೊಂದೇ ಅಲ್ಲ. ಜಗತ್ತಿನ ಅತಿ ದೊಡ್ಡ ಸೈಕಲ್ ಸ್ಪರ್ಧೆಯಾದ ಟೂರ್ ದ ಫ್ರಾನ್ಸ್ 1903ರಲ್ಲಿ ಆರಂಭವಾದಾಗ ಎಲ್ಲ ಹಂತಗಳ ಸಮಯ ಕೂಡಿಸಿ ವಿಜೇತನನ್ನು ಗೊತ್ತುಮಾಡಿದರು. 1904ರಲ್ಲಿ ಮೋಸದ ಮೇಲೆ ಮೋಸ ನಡೆದು ಮೊದಲ ನಾಲ್ಕೂ ಸ್ಥಾನದವರನ್ನು ಅನರ್ಹಗೊಳಿಸಬೇಕಾಯಿತು. 1905ರಿಂದ 1912ರವರೆಗೆ ಗಡಿಯಾರ ಬಿಟ್ಟು ಸ್ಥಾನಕ್ಕೆ ಅಂಕ ಕೊಡುವ ಪದ್ಧತಿ ಬಂತು. ಎಷ್ಟು ಹೊತ್ತಿನಲ್ಲಿ ಬಂದ ಎನ್ನುವುದಕ್ಕಿಂತ ಎಷ್ಟನೆಯವನಾಗಿ ಬಂದ ಎಂದು ನೋಡುವುದು ಸುಲಭವಲ್ಲವೇ? 1913ರಲ್ಲಿ ಮತ್ತೆ ಸಮಯಕ್ಕೇ ಮರಳಿದರು. ಅಂಕದ ಮೋಹ ಪೂರ್ತಿ ಬಿಡಲಿಲ್ಲ. 1953ರಲ್ಲಿ ಅಂಕದವರಿಗೆಂದೇ ಪ್ರತ್ಯೇಕ ಹಸಿರು ಅಂಗಿ ಇಟ್ಟರು. ಜಗಳಕ್ಕೆ ಅವರು ಕಂಡುಕೊಂಡ ಪರಿಹಾರ ನನಗೆ ಹಿಡಿಸುತ್ತದೆ: ಎರಡು ಅಳತೆ, ಎರಡು ಬಹುಮಾನ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಐದು ಶರ್ಯತ್ತುಗಳ ಒಂದು ಸರಣಿ ನಡೆಯಿತೆಂದು ಊಹಿಸಿ. ಮೊದಲ ಏಳು ಸ್ಥಾನಕ್ಕೆ 10, 7, 5, 4, 3, 2, 1 ಎಂದು ಅಂಕ. ತಿಕೋಟಾದ ಹುಡುಗ ಎರಡು ಸಲ ಗೆದ್ದು ಉಳಿದ ಮೂರರಲ್ಲಿ ಆರನೆಯವನಾದ. ಬಬಲೇಶ್ವರದ ಹುಡುಗ ಒಮ್ಮೆಯೂ ಗೆಲ್ಲಲಿಲ್ಲ. ಮೂರು ಸಲ ಎರಡನೆಯವನು, ಎರಡು ಸಲ ಮೂರನೆಯವನು. ಕೂಡಿಸಿ. ತಿಕೋಟಾಕ್ಕೆ 20 ಮತ್ತು 6, ಒಟ್ಟು 26. ಬಬಲೇಶ್ವರಕ್ಕೆ 21 ಮತ್ತು 10, ಒಟ್ಟು 31. ಒಂದೂ ಗೆಲ್ಲದವನು ಚಾಂಪಿಯನ್!

ಇನ್ನು ಮೊದಲ ಸ್ಥಾನದ ಅಂಕವನ್ನು ಮಾತ್ರ 10ರಿಂದ 15ಕ್ಕೆ ಏರಿಸಿ ನೋಡಿ. ತಿಕೋಟಾದವನಿಗೆ 30 ಮತ್ತು 6, ಒಟ್ಟು 36. ಬಬಲೇಶ್ವರದವನು 31ರಲ್ಲೇ ನಿಂತ. ಯಾರೂ ಹೆಚ್ಚು ಪೆಡಲ್ ತುಳಿಯಲಿಲ್ಲ. ಕಾಗದದ ಮೇಲೆ ಒಂದು ಅಂಕಿ ಬದಲಾಯಿತು, ಚಾಂಪಿಯನ್ ಬದಲಾದ.

ಇದೇ ಲೆಕ್ಕದ ಮೇಲೆ ಅಮೆರಿಕದಲ್ಲಿ ಎರಡು ದಶಕಕ್ಕೂ ಮಿಕ್ಕಿ ಜಗಳ ನಡೆದಿದೆ. ಅಲ್ಲಿ ಸ್ಟಾಕ್ ಕಾರ್ ರೇಸ್ ಎಂಬ ಜನಪ್ರಿಯ ಸ್ಪರ್ಧೆ ಉಂಟು. ಸ್ಟಾಕ್ ಕಾರ್ ಎಂದರೆ ಅಂಗಡಿಯಲ್ಲಿ ಮಾರುವಂಥ ಸಾದಾ ಕಾರು. ನಮ್ಮ ಜಾತ್ರೆಗಳಲ್ಲಿ ಗೇರ್ ಸೈಕಲ್ಲಿಗೆ ಬೇರೆ, ಸಾದಾ ಸೈಕಲ್ಲಿಗೆ ಬೇರೆ ವಿಭಾಗ ಇಡುತ್ತಾರಲ್ಲ, ಹಾಗೆ. (ಈಗಿನ ಆ ಕಾರುಗಳು ಹೊರನೋಟಕ್ಕೆ ಮಾತ್ರ ಸಾದಾ, ಒಳಗೆಲ್ಲ ರೇಸಿಗೆಂದೇ ಕಟ್ಟಿದ್ದು.) 1948ರಲ್ಲಿ ಸ್ಥಾಪನೆಯಾದ ನಾಸ್ಕಾರ್ ಸಂಸ್ಥೆ ಇದನ್ನು ನಡೆಸುತ್ತದೆ. 2003ರಲ್ಲಿ ಮ್ಯಾಟ್ ಕೆನ್ಸೆತ್ ಎಂಬ ಚಾಲಕ ವರ್ಷವಿಡೀ ಒಂದೇ ರೇಸ್ ಗೆದ್ದು ಚಾಂಪಿಯನ್ ಆದ. ಅದೇ ವರ್ಷ ಎಂಟು ರೇಸ್ ಗೆದ್ದ ರಯಾನ್ ನ್ಯೂಮನ್‌ಗೆ ಒಟ್ಟು ಅಂಕದಲ್ಲಿ ಆರನೆಯ ಸ್ಥಾನ. ಥೇಟ್ ನಮ್ಮ ಬಬಲೇಶ್ವರ, ತಿಕೋಟಾ!

ಮರುವರ್ಷವೇ ಪದ್ಧತಿ ಬದಲಾಯಿತು. 26 ರೇಸುಗಳ ನಂತರ ಮುಂಚೂಣಿಯವರ ಅಂಕಗಳನ್ನು ಹತ್ತಿರ ಹತ್ತಿರ ತಂದು, ಉಳಿದ 10 ರೇಸುಗಳಲ್ಲಿ ಅವರವರೇ ಚಾಂಪಿಯನ್ ಪಟ್ಟಕ್ಕೆ ಹೋರಾಡಬೇಕು ಎಂದರು. 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: 16 ಮಂದಿಯಿಂದ ಆರಂಭಿಸಿ ಹಂತ ಹಂತವಾಗಿ ಕಳೆಯುತ್ತಾ ಕೊನೆಗೆ ನಾಲ್ವರು, ಕೊನೆಯ ರೇಸಿನಲ್ಲಿ ಆ ನಾಲ್ವರ ಪೈಕಿ ಮುಂದೆ ಬಂದವನೇ ವರ್ಷದ ಚಾಂಪಿಯನ್. ನೋಡುವವರಿಗೆ ರೋಮಾಂಚ, ಆಡುವವರಿಗೆ ಜೂಜು. 2025ರ ಕೊನೆಯ ರೇಸಿನಲ್ಲಿ ಡೆನ್ನಿ ಹ್ಯಾಮ್ಲಿನ್ 208 ಸುತ್ತು ಮುಂದಿದ್ದ. ಕೊನೆಗಳಿಗೆಯಲ್ಲಿ ರೇಸ್ ತಡೆದು ಮತ್ತೆ ಆರಂಭಿಸಬೇಕಾಗಿ ಬಂತು. ಆ ದಿನ ಒಂದು ಸುತ್ತೂ ಮುಂಚೂಣಿಯಲ್ಲಿರದ ಕೈಲ್ ಲಾರ್ಸನ್ ಚಾಂಪಿಯನ್ ಆದ. ಅಭಿಮಾನಿಗಳ ಕೂಗು ಎಷ್ಟಿತ್ತೆಂದರೆ 2026ಕ್ಕೆ ಸಂಸ್ಥೆ ಆ ಪದ್ಧತಿ ಕೈಬಿಟ್ಟು, ಕೊನೆಯ ಹತ್ತು ರೇಸುಗಳ ಅಂಕ ಕೂಡಿಸುವ ಕ್ರಮಕ್ಕೆ ಮರಳಿತು, ಗೆಲುವಿಗೆ ಅಂಕವನ್ನೂ ಹೆಚ್ಚಿಸಿತು. ನಾವು ಮೇಲೆ 10ನ್ನು 15 ಮಾಡಿದೆವಲ್ಲ, ಅದೇ ದಾರಿ.

ಇಷ್ಟೆಲ್ಲ ಲೆಕ್ಕದ ನಡುವೆ ಜನರ ಪ್ರೀತಿ ಮಾತ್ರ ಯಾವ ಲೆಕ್ಕಕ್ಕೂ ಸಿಗದು. ಫ್ರಾನ್ಸಿನ ಝಾಕ್ ಆಂಕ್ತಿಲ್ ಐದು ಸಲ ಟೂರ್ ಗೆದ್ದವನು, ಟೈಮ್ ಟ್ರಯಲ್ಲಿನ ರಾಜ. ಅವನ ಎದುರಾಳಿ ರೇಮಂ ಪೂಲಿಡೋರ್ ಹಳ್ಳಿಯ ರೈತರ ಮಗ. ಮೂರು ಸಲ ಎರಡನೆಯ ಸ್ಥಾನ, ಐದು ಸಲ ಮೂರನೆಯದು, ಮುಂಚೂಣಿಯವನ ಹಳದಿ ಅಂಗಿ ಒಂದು ದಿನವೂ ಮೈಮೇಲೆ ಬರಲಿಲ್ಲ. 1964ರಲ್ಲಿ ಪ್ವಿ ದ ದೋಮ್ ಎಂಬ ಬೆಟ್ಟದ ಏರಿನಲ್ಲಿ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ತುಳಿದರು. ಕೊನೆಗೆ ಪೂಲಿಡೋರ್ ಮುಂದಾದ, ಆದರೆ ಒಟ್ಟು ಸಮಯದಲ್ಲಿ ಆಂಕ್ತಿಲ್‌ಗೆ 14 ಸೆಕೆಂಡು ಉಳಿದಿತ್ತು. ಕೊನೆಯ ದಿನ ಇದ್ದದ್ದು ಟೈಮ್ ಟ್ರಯಲ್. ಅಂತರ 55 ಸೆಕೆಂಡಾಯಿತು. ಆ ಕೊನೆಯ ದಿನ ಇನ್ನೊಂದು ಬೆಟ್ಟ ಇದ್ದಿದ್ದರೆ? ಫ್ರಾನ್ಸಿನ ಕಾಕಾಗಳು ಇದನ್ನು ಬಹಳ ವರ್ಷ ಕೇಳಿಕೊಂಡರು; ಜನ ಹೆಚ್ಚು ಪ್ರೀತಿಸಿದ್ದು ಸೋತ ಪೂಲಿಡೋರನನ್ನೇ. ಇಟಲಿಯಲ್ಲಿ ಬಾರ್ತಾಲಿ, ಕೊಪ್ಪಿ ಎಂಬ ಜೋಡಿ ಇಡೀ ದೇಶವನ್ನು ಎರಡು ಪಕ್ಷ ಮಾಡಿತ್ತು. 1952ರ ಟೂರ್‌ನಲ್ಲಿ ಏರುದಾರಿಯಲ್ಲಿ ಒಬ್ಬ ಇನ್ನೊಬ್ಬನಿಗೆ ನೀರಿನ ಬಾಟಲಿ ದಾಟಿಸುವ ಚಿತ್ರವೊಂದಿದೆ. ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಎಂಬ ಜಗಳ ಇಬ್ಬರೂ ತೀರಿಹೋದ ಮೇಲೂ ನಿಲ್ಲಲಿಲ್ಲ.

ಗಡಿಯಾರದ ಪಕ್ಷದವರು ಯಾವಾಗಲೂ ಎತ್ತುವ ಹೆಸರು 1989ರದು. ಟೂರ್‌ನ ಕೊನೆಯ ದಿನ ಪ್ಯಾರಿಸ್‌ಗೆ 24.5 ಕಿಲೋಮೀಟರು ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡು ಹಿಂದಿದ್ದ. ಕೈಗಳನ್ನು ಮುಂದೆ ಚಾಚಿ ಬಾಗಿ ಕೂರುವ ಹೊಸ ಹ್ಯಾಂಡಲ್ ಹಾಕಿದ್ದ, ತಲೆಗೆ ಗಾಳಿ ಸೀಳುವ ಹೆಲ್ಮೆಟ್. ಎದುರಾಳಿ ಲೊರಾಂ ಫಿನ್ಯೋಂ ಬರಿತಲೆಯಲ್ಲಿ, ಹಿಂದೆ ಜುಟ್ಟು ಹಾರಾಡಿಸುತ್ತಾ ಬಂದ. ಮೂರು ಸಾವಿರದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ತುಳಿದ ಮೇಲೆ ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಿಂದ. ನಾನು ಮೇಲೆ ಹೇಳಿದ ಗಾಳಿಯ ಲೆಕ್ಕ ಅಲ್ಲಿ ಕೈಮುಟ್ಟಿ ಕೆಲಸ ಮಾಡಿತ್ತು.

ಮರಳಿ ನಮ್ಮ ರಸ್ತೆಗೆ ಬರೋಣ. ಸೈಕಲ್ಲಿಗೆಂದೇ ಕಟ್ಟುವ ವಾಲಿದ ಟ್ರ್ಯಾಕನ್ನು ವೆಲೊಡ್ರೋಮ್ ಎನ್ನುತ್ತಾರೆ. ಅಂಥದೊಂದು ಬೇಕೆಂದು ವಿಜಯಪುರದವರು ವರ್ಷಗಟ್ಟಲೆ ಕೇಳಿದರು, ವರ್ಷಗಟ್ಟಲೆ ಕಾದರು. ಅಷ್ಟು ಕಾಲ ಇಲ್ಲಿಯ ಮಕ್ಕಳು ಕಲಿತದ್ದು ಲಾರಿ, ಟ್ರ್ಯಾಕ್ಟರು ಓಡಾಡುವ ಹೆದ್ದಾರಿಯಲ್ಲಿ, ನಸುಕಿನಲ್ಲಿ. ಟ್ರ್ಯಾಕಿನ ಸ್ಪರ್ಧೆಗಳ ಲೆಕ್ಕವೇ ಬೇರೆ. ಅಲ್ಲಿಯ ಪಾಯಿಂಟ್ಸ್ ರೇಸಿನಲ್ಲಿ 250 ಮೀಟರಿನ ಟ್ರ್ಯಾಕಾದರೆ ಪ್ರತಿ ಹತ್ತು ಸುತ್ತಿಗೊಮ್ಮೆ ಮೊದಲ ನಾಲ್ವರಿಗೆ 5, 3, 2, 1 ಅಂಕ. ಉಳಿದವರನ್ನು ಒಂದು ಪೂರ್ತಿ ಸುತ್ತು ಹಿಂದೆ ಹಾಕಿದರೆ 20. ಎಲಿಮಿನೇಶನ್ ರೇಸಿನಲ್ಲಿ ಎರಡು ಸುತ್ತಿಗೊಮ್ಮೆ ಕೊನೆಯವನು ಹೊರಗೆ. ರಸ್ತೆಯಲ್ಲಿ ಒಂಟಿಯಾಗಿ ಎಳೆದು ಬಲಿತ ಕಾಲಿಗೆ ಈ ಲೆಕ್ಕಗಳು ಮೊದಮೊದಲು ತಬ್ಬಿಬ್ಬು ಮಾಡುತ್ತವೆ.

ಹಾಗಾಗಿ ಮನೆಯಲ್ಲಿ ಸೈಕಲ್ ತುಳಿಯುವ ಮಗನೋ ಮಗಳೋ ಇದ್ದರೆ, ಆಯ್ಕೆಗೆ ಕಳಿಸುವ ಮುಂಚೆ ಯಾವ ಸ್ಪರ್ಧೆಯಲ್ಲಿ ಹೆಸರು ಕೊಡಬೇಕೆಂದು ತರಬೇತುದಾರರನ್ನು ಕೇಳಿ. ಒಬ್ಬಳೇ ಗಾಳಿಗೆದುರು ಹೋಗಿ ಬರುವ ಹುಡುಗಿಗೆ ಟೈಮ್ ಟ್ರಯಲ್. ಕೊನೆಯ ಗಳಿಗೆಯಲ್ಲಿ ಜಿಗಿಯುವ ಚುರುಕಿದ್ದವಳಿಗೆ ಮಾಸ್ ಸ್ಟಾರ್ಟ್. ಚಿಕ್ಕ ಮಕ್ಕಳನ್ನು ಆರಿಸುವಾಗಲಾದರೂ ಗಡಿಯಾರಕ್ಕೆ ಹೆಚ್ಚು ತೂಕ ಇರಬೇಕೆಂಬುದು ನನ್ನ ಅನಿಸಿಕೆ. ಗುಂಪಿನ ಜಾಣತನವನ್ನು ಆಮೇಲೆ ಕಲಿಸಬಹುದು. ಶ್ವಾಸ ಮತ್ತು ಕಾಲು ಎಷ್ಟಿದೆ ಎಂಬುದನ್ನು ಗುಂಪು ಮುಚ್ಚಿಡುತ್ತದೆ.

ಜಾತ್ರೆಯ ಕಮಿಟಿಯವರಿಗೂ ಒಂದು ಬಿನ್ನಹ. ಒಂದು ಊರಿನಲ್ಲಿ ನಾನು ಕಂಡದ್ದು: ಬೆಳಿಗ್ಗೆ ಎರಡು ಸುತ್ತಿನ ಸಮಯ ಕೂಡಿಸುತ್ತೇವೆ ಎಂದರು, ಸಂಜೆ ಎರಡನೆಯ ಸುತ್ತಿನಲ್ಲಿ ಮೊದಲು ಬಂದವನಿಗೆ ಢಾಲು ಕೊಟ್ಟರು. ಒಟ್ಟು ಸಮಯದಲ್ಲಿ ಮುಂದಿದ್ದ ಹುಡುಗ ಸೈಕಲ್ ಹೆಗಲಿಗೇರಿಸಿಕೊಂಡು ಸುಮ್ಮನೆ ಹೊರಟುಹೋದ. ನಿಯಮವನ್ನು ಹಿಂದಿನ ದಿನವೇ ಬರೆದು ಗುಡಿಯ ಕಟ್ಟೆಗೆ ಅಂಟಿಸಲು ಒಂದು ಹಾಳೆ ಸಾಕು.

ನೋಡಲು ಹೋಗುವ ನೀವು ಕೈಗಡಿಯಾರ ಕಟ್ಟಿಕೊಂಡು ಹೋಗಿ. ಮುಕ್ತಾಯದ ಗೆರೆಯ ಬಳಿ ನೂಕುನುಗ್ಗಲಲ್ಲಿ ನಿಲ್ಲುವ ಬದಲು ಅರ್ಧ ದಾರಿಯ ಕಿಲೋಮೀಟರ್ ಕಲ್ಲಿನ ಹತ್ತಿರ ರಸ್ತೆ ಬಿಟ್ಟು ನಿಲ್ಲಿ. ಮೊದಲನೆಯವನು ದಾಟಿದ ಗಳಿಗೆಯಿಂದ ಎರಡನೆಯವನು ಬರುವವರೆಗಿನ ಸೆಕೆಂಡು ಎಣಿಸಿ, ಗುಂಪಾಗಿದ್ದರೆ ಗಾಳಿಗೆ ಮುಖ ಕೊಟ್ಟವನು ಯಾರು ಎಂದು ಗುರುತಿಟ್ಟುಕೊಳ್ಳಿ. ಸಂಜೆ ಚಹಾದಂಗಡಿಗೆ ಬರುವಾಗ ಆ ಚೀಟಿ ಜೇಬಿನಲ್ಲಿರಲಿ. ಕಾಕಾ ಅದನ್ನು ಕೇಳದೆ ಬಿಡುವುದಿಲ್ಲ.